ಬೆಳಿಗ್ಗೆ ಸತಾಯಿಸುವ ಹಳೆ ಕಾರು: ಪ್ಲಗ್ ಬದಲಿಸುವ ಮುನ್ನ ಹೊತ್ತು ನೋಡಿ

ಹಳೆಯ ಪೆಟ್ರೋಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಮೊದಲು ಪ್ಲಗ್ ಬದಲಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಬ್ಯಾಟರಿ, ಆಮೇಲೆ ಕಾಯಿಲ್, ಕೊನೆಗೆ ಕಾರ್ಬುರೇಟರ್. ಇಷ್ಟು ದುಡ್ಡು ಸುರಿದ ಮೇಲೂ ಕಾರು ಅದೇ ತಿರುವಿನಲ್ಲಿ ಆಫ್ ಆಗುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ಹುಡುಕಿದವರು, ತೊಂದರೆ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳಿರುವುದಿಲ್ಲ. ರಾತ್ರಿಯಿಡೀ ನಿಂತ ಎಂಜಿನ್ ಹೊತ್ತಿಕೊಳ್ಳದಿರುವುದು ಒಂದು ಕಾಯಿಲೆ; ಹೊತ್ತಿಕೊಂಡು ಎರಡೇ ನಿಮಿಷಕ್ಕೆ ನಿಲ್ಲುವುದು ಇನ್ನೊಂದು; ಅರ್ಧ ಗಂಟೆ ಓಡಿ ಸಿಗ್ನಲ್‌ನಲ್ಲಿ ಆಫ್ ಆಗುವುದು ಮತ್ತೊಂದು. ಇವನ್ನು ಬೇರ್ಪಡಿಸಿಕೊಂಡರೆ ಅರ್ಧ ಪತ್ತೆ ಕೆಲಸ ಖರ್ಚಿಲ್ಲದೆ ಮುಗಿಯುತ್ತದೆ. ಉದಾಹರಣೆಗೆ ನಮ್ಮ ರಸ್ತೆಗಳ ಚಿರಪರಿಚಿತ ಮಾರುತಿ 800 ಅನ್ನೇ ನೋಡೋಣ: 1983ರಲ್ಲಿ ಬಂದ, 796 ಸಿಸಿಯ ಮೂರು ಸಿಲಿಂಡರ್ ಕಾರು. 2000ನೇ ಇಸವಿಯ ಆಸುಪಾಸಿನವರೆಗೆ ಅದರಲ್ಲಿ ಕಾರ್ಬುರೇಟರ್ ಇತ್ತು, ನಂತರ ಎಂಪಿಎಫ್ಐ (ಇಂಜೆಕ್ಟರ್‌ಗಳ ಮೂಲಕ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಬಂತು.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಚಳಿಯ ಮಾತೇಕೆ ಎನ್ನಬಹುದು. ಆದರೆ ಎಂಜಿನ್ ಸರಾಗವಾಗಿ ಓಡುವುದು 80ರಿಂದ 90 ಡಿಗ್ರಿ ಶಾಖದಲ್ಲಿ. ಮಡಿಕೇರಿಯ ಡಿಸೆಂಬರಾಗಲಿ, ರಾಯಚೂರಿನ 25 ಡಿಗ್ರಿಯ ಬೆಳಗಾಗಲಿ, ಎಂಜಿನ್ನಿನ ಲೆಕ್ಕದಲ್ಲಿ ಎರಡೂ ತಣ್ಣಗೇ. ತಣ್ಣನೆಯ ಲೋಹಕ್ಕೆ ತಗುಲಿದ ಪೆಟ್ರೋಲ್ ಪೂರ್ತಿ ಆವಿಯಾಗದೆ ಮ್ಯಾನಿಫೋಲ್ಡ್‌ನ ಗೋಡೆಗೆ ಅಂಟುತ್ತದೆ, ಹೊತ್ತಿಕೊಳ್ಳುವಷ್ಟು ಆವಿ ಸಿಲಿಂಡರ್ ತಲುಪುವುದಿಲ್ಲ. ಈ ಕೊರತೆ ತುಂಬಲೆಂದೇ ಚೋಕ್ ಇದೆ. ಎಂಪಿಎಫ್ಐ ಕಾರಿನಲ್ಲಿ ಕೂಲೆಂಟ್ ಸೆನ್ಸರ್ ಕೊಡುವ ಲೆಕ್ಕ ನೋಡಿ ಕಂಪ್ಯೂಟರ್ ಅದೇ ಕೆಲಸ ಮಾಡುತ್ತದೆ.

ಪರೀಕ್ಷೆ ಕಿವಿಯಿಂದ ಶುರುವಾಗಲಿ. ಸೆಲ್ಫ್ ಹೊಡೆದಾಗ ಎಂಜಿನ್ ಎಳೆದೆಳೆದು ತಿರುಗಿದರೆ ಪೆಟ್ರೋಲ್ ಕಡೆ ನೋಡುವ ಅಗತ್ಯವೇ ಇಲ್ಲ. ರಾತ್ರಿ ನಿಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಇದ್ದರೆ ಅದು ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎಂದು ಅನುಮಾನಿಸಿ. ಆದರೂ ತಕ್ಷಣ ಹೊಸದು ಕೊಳ್ಳಬೇಡಿ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ ಬ್ಲಾಕ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತುಕ್ಕು ಹಿಡಿದ ಅರ್ಥ್ ಕೇಬಲ್ ಕರೆಂಟ್ ತಿನ್ನುತ್ತಿದೆ. ಉಜ್ಜುಕಾಗದದಲ್ಲಿ ಮುಗಿಯುವ ಕೆಲಸಕ್ಕೆ ಎಷ್ಟೋ ಒಳ್ಳೆಯ ಬ್ಯಾಟರಿಗಳು ಗುಜರಿ ಸೇರುತ್ತವೆ.

ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪ್ಲಗ್ ಬಿಚ್ಚಿ. ಹಸಿಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ ಅಥವಾ ಚೋಕ್ ಅತಿಯಾಗಿದೆ. ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಮಾತ್ರ ಕಾಡುವ ತೊಂದರೆಯಾದರೆ ಕತ್ತಲಲ್ಲಿ ಬಾನೆಟ್ ಎತ್ತಿ, ಬೇರೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಿ: ಸೀಳಿದ ಪ್ಲಗ್ ವಯರ್ ಅಥವಾ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ನೀಲಿ ಕಿಡಿ ಓಡಾಡುವುದು ಕಂಡೀತು. ಹಲವು ದಿನ ನಿಂತ ಹಳೆ ಕಾರಿನಲ್ಲಿ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಆರಿಹೋಗಿರುತ್ತದೆ; ಪಂಪ್ ಅದನ್ನು ಮತ್ತೆ ತುಂಬುವಷ್ಟು ಹೊತ್ತು ಸೆಲ್ಫ್ ಹೊಡೆಯಬೇಕಾಗುವುದು ರೋಗವಲ್ಲ. ಎಂಪಿಎಫ್ಐನಲ್ಲಿ ಕೀ ಆನ್ ಮಾಡಿ ಪಂಪ್‌ನ ಗುಂಯ್ ಸದ್ದು ನಿಲ್ಲುವ ತನಕ ಕಾಯಿರಿ. ಆಫ್ ಮಾಡಿ ಮೂರು ಸಲ ಹೀಗೆ ಮಾಡಿದ ಮೇಲೆ ಒಂದೇ ಏಟಿಗೆ ಸ್ಟಾರ್ಟ್ ಆದರೆ, ರಾತ್ರಿ ಪೈಪಿನ ಒತ್ತಡ ಸೋರಿಹೋಗುತ್ತಿದೆ ಎಂದರ್ಥ.

ಸ್ಟಾರ್ಟ್ ಆಗಿ ನಿಲ್ಲುವ ಕಾಯಿಲೆಯಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಚೋಕ್ ಒಳಗೆ ತಳ್ಳಿದ ಕೂಡಲೇ ಆಫ್ ಆಗುವ ಕಾರಿಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ಏರಿಸುವುದು ರೂಢಿ. ಇದರಿಂದ ಲಕ್ಷಣ ಮುಚ್ಚಿಹೋಗುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ. ಸ್ಕ್ರೂ ಮುಟ್ಟುವ ಬದಲು, ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ ತಡವರಿಸುವಾಗ ಚೋಕ್ ಅರ್ಧ ಎಳೆದು ನೋಡಿ. ಓಟ ಸುಧಾರಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ: ಐಡ್ಲಿಂಗ್ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ವ್ಯಾಕ್ಯೂಮ್ ಪೈಪುಗಳ ಸುತ್ತ, ಪ್ಲಗ್ ವಯರ್‌ಗೆ ತಾಗದಂತೆ, ನೀರನ್ನು ಸಣ್ಣಗೆ ಸಿಂಪಡಿಸಿದಾಗ ಸದ್ದು ಬದಲಾದ ಜಾಗವೇ ಸೋರುವ ಜಾಗ. ಚೋಕ್ ಎಳೆದಾಗ ಓಟ ಇನ್ನಷ್ಟು ಕೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಈಗಾಗಲೇ ಹೆಚ್ಚಾಗಿದೆ. ಫ್ಲೋಟ್ ಮಟ್ಟ, ಏರ್ ಫಿಲ್ಟರ್ ನೋಡಿ. ಎಂಪಿಎಫ್ಐ ಕಾರು ತಣ್ಣಗಿದ್ದಾಗ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದೊಡನೆ ಸತ್ತರೆ, ಥ್ರಾಟಲ್ ಬಾಡಿಯ ಮಸಿ ಮತ್ತು ಐಡ್ಲಿಂಗ್ ವಾಲ್ವ್ ಮೊದಲ ಶಂಕಿತರು. ಬಿಸಿಯಾದ ಮೇಲೆ ಹಠಾತ್ತನೆ ನಿಂತು, ಹದಿನೈದು ನಿಮಿಷ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವ ಕಾರಿಗೂ ಇವ್ಯಾವುದಕ್ಕೂ ಸಂಬಂಧವಿಲ್ಲ. ಅಲ್ಲಿ ಕಾಯಿಲ್, ಇಗ್ನಿಷನ್ ಮಾಡ್ಯೂಲ್ ಅಥವಾ ಪೆಟ್ರೋಲ್ ಪೈಪಿನಲ್ಲೇ ಆವಿ ಕಟ್ಟಿರುವುದನ್ನು ನೋಡಬೇಕು.

ಸ್ಕ್ಯಾನರ್ ಚುಚ್ಚಿದರೆ ಎಲ್ಲ ಗೊತ್ತಾಗುತ್ತದಲ್ಲ ಎಂಬ ವಾದ ಅರ್ಧ ಸರಿ. ಕಾರ್ಬುರೇಟರ್ ಕಾರಿಗೆ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ. ಎಂಪಿಎಫ್ಐನಲ್ಲೂ ಸೆನ್ಸರ್ ಸಂಪರ್ಕ ಕಡಿದರೆ ಕೋಡ್ ಬರುತ್ತದೆ, ಸುಳ್ಳು ಹೇಳಿದರೆ ಬಾರದೇ ಇರಬಹುದು. ರಾತ್ರಿಯಿಡೀ ನಿಂತ ಎಂಜಿನ್ 60 ಡಿಗ್ರಿ ಇದೆ ಎಂದು ಕೂಲೆಂಟ್ ಸೆನ್ಸರ್ ವರದಿ ಮಾಡಿದರೆ ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಕಡಿಮೆ ಕೊಡುತ್ತದೆ. ಆದ್ದರಿಂದ ಸ್ಕ್ಯಾನರ್‌ನಲ್ಲಿ ಕೋಡ್‌ಗಿಂತ ಮೊದಲು ಬೆಳಗಿನ ಕೂಲೆಂಟ್ ಶಾಖವನ್ನು ಹೊರಗಿನ ಹವೆಯ ಜೊತೆ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಭಾಗಗಳು ಅಗ್ಗ, ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡೋಣ ಎನ್ನುವವರೂ ಇದ್ದಾರೆ. ಹಾಗೆ ಮಾಡಿದಾಗ ತೊಂದರೆ ಹೋದರೂ ಕಾರಣ ತಿಳಿಯುವುದಿಲ್ಲ. ಕಳಪೆ ಹೊಸ ಭಾಗವೊಂದು ಹೊಸ ದೋಷ ತಂದರೆ ಹಳೆಯದರಿಂದ ಅದನ್ನು ಬಿಡಿಸುವುದು ಇನ್ನೂ ಕಷ್ಟ. ಒಂದು ಸಲಕ್ಕೆ ಒಂದೇ ಬದಲಾವಣೆ, ಮರುದಿನ ಬೆಳಿಗ್ಗೆ ಪರೀಕ್ಷೆ: ನಿಧಾನವಾದರೂ ಖರ್ಚು ಉಳಿಸುವ ದಾರಿ ಇದೇ.

ಎಥೆನಾಲ್ ಬೆರೆತ ಪೆಟ್ರೋಲನ್ನು ಎಲ್ಲಕ್ಕೂ ದೂರುವುದು ಸರಿಯಲ್ಲ. ಆದರೂ ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸಬಲ್ಲದು. ವಾರಗಟ್ಟಲೆ ನಿಲ್ಲುವ ಕಾರಾದರೆ ಪೈಪು, ಫಿಲ್ಟರ್, ಬಟ್ಟಲಿನ ತಳದ ನೀರನ್ನು ಒಮ್ಮೆ ಪರೀಕ್ಷಿಸಿ. ಈ ಯಾವ ಪರೀಕ್ಷೆಗೂ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಇಷ್ಟಾದ ಮೇಲೂ ಮೆಕ್ಯಾನಿಕ್ ಬೇಕೆನಿಸಿದರೆ ಬೆಳಿಗ್ಗೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ. ದಾರಿಯಲ್ಲೇ ಎಂಜಿನ್ ಬಿಸಿಯಾಗಿ ತೊಂದರೆ ಕಣ್ಮರೆಯಾಗುತ್ತದೆ. ಹಿಂದಿನ ಸಂಜೆಯೇ ಕಾರು ಬಿಟ್ಟು ಬನ್ನಿ. ಮರುದಿನದ ಮೊದಲ ಸೆಲ್ಫ್ ಮೆಕ್ಯಾನಿಕ್ ಕೈಯಲ್ಲೇ ಆಗಲಿ.