ರಾಗಿ ಪ್ಯಾನ್‌ಕೇಕ್: ಒಂದು ತಪ್ಪು ಲೆಕ್ಕ, ಒಂದು ಸರಿ ಲೆಕ್ಕ

ಕಾಮರ್ಸ್ ಡೇ ದಿನ ನಮ್ಮ ಸೆಕ್ಷನ್‌ನವರು ಹಾಕಿದ್ದ ರಾಗಿ ಪ್ಯಾನ್‌ಕೇಕ್ ಸ್ಟಾಲ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದನ್ನು ಹೇಗೆ ಮಾಡಿದಿರಿ, ಬರೆದುಕೊಡಿ ಎಂದು ಹಲವರು ಕೇಳಿದ್ದರು. ಮಾಡುವ ವಿಧಾನ ಬರೆಯುತ್ತೇನೆ. ಆದರೆ ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಏಕೆಂದರೆ ನನಗೆ ಪಾಠ ಆಗಿದ್ದು ಅಲ್ಲೇ.

ನಮ್ಮ ಅಬ್ಬಾ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ಒಂದು ದಿನ ಅಂಗಡಿಗೆ ಹೊಸದಾಗಿ ಪ್ಯಾನ್‌ಕೇಕ್ ಮಿಕ್ಸ್ ಪ್ಯಾಕೆಟ್ ಬಂತು. ಮುಂದೆ ದಪ್ಪ ಅಕ್ಷರದಲ್ಲಿ ‘ಮಲ್ಟಿಗ್ರೇನ್’ ಎಂದಿತ್ತು, ತೆನೆಗಳ ಚಿತ್ರವೂ ಇತ್ತು. ಹಿಂದೆ ತಿರುಗಿಸಿ ಓದಿದರೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ. ರಾಗಿ, ಓಟ್ಸ್ ಎಲ್ಲ ಸಾಲಿನ ಕೊನೆಯಲ್ಲಿ. ಪ್ಯಾಕೆಟ್‌ಗಳ ಮೇಲೆ ಪದಾರ್ಥಗಳನ್ನು ತೂಕದ ಪ್ರಕಾರ, ಹೆಚ್ಚಿನದು ಮೊದಲು, ಬರೆಯಬೇಕು ಎಂಬ ನಿಯಮವಿದೆ. ಆದ್ದರಿಂದ ಕೊನೆಯ ಹೆಸರು ಬಹುಪಾಲು ಚಿತ್ರಕ್ಕಷ್ಟೇ. ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡುತ್ತೇನೆ ಎಂದು ಅಬ್ಬಾಗೆ ಹೇಳಿದೆ.

ಮನೆಯಲ್ಲಿ ನಮ್ಮ ದಾದಿಗೆ ಹನ್ನೊಂದು ವರ್ಷದಿಂದ ಶುಗರ್ ಇದೆ. ಭಾನುವಾರ ನಾವೆಲ್ಲ ಸಿಹಿ ತಿಂಡಿ ತಿನ್ನುವಾಗ ಅವರು ಟೀ ಲೋಟ ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ಕೂರುತ್ತಾರೆ. ಯಾರೂ ಹೇಳಿದ್ದಲ್ಲ, ತಾವೇ ಹೋಗುತ್ತಾರೆ. ಅವರಿಗೂ ಆಗುವಂಥದ್ದು ಮಾಡಬೇಕು ಎಂಬುದು ನನ್ನ ಆಸೆ. ಮೈದಾ ಬದಲು ರಾಗಿ ಹಿಟ್ಟು ಹಾಕಿದೆ. ಸಕ್ಕರೆ ಬದಲು ಬೆಲ್ಲ ಹಾಕಿದೆ. ಮೇಲೆ ಜೇನುತುಪ್ಪ ಸುರಿದು ಖರ್ಜೂರ ಹೆಚ್ಚಿ ಹಾಕಿದೆ. “ದಾದಿ, ಇದರಲ್ಲಿ ಒಂದು ಚಿಟಿಕೆಯೂ ಸಕ್ಕರೆ ಇಲ್ಲ, ತಿನ್ನಿ” ಎಂದೆ. ಅವರು ಖುಷಿಯಿಂದ ಮೂರು ತಿಂದರು. ಎರಡು ಗಂಟೆ ಬಿಟ್ಟು ಅಮ್ಮಿ ಮೀಟರ್‌ನಲ್ಲಿ ನೋಡಿದಾಗ 271 ಬಂತು. ಅಮ್ಮಿ ನನ್ನನ್ನು ಬೈಯಲಿಲ್ಲ. ದಾದಿಯೇ “ನಾನು ಜಾಸ್ತಿ ತಿಂದೆ ಬೇಟಾ” ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನನಗೆ ಅದೇ ಹೆಚ್ಚು ಬೇಜಾರಾಯಿತು.

ಆ ಸಂಜೆ ಅಂಗಡಿಯ ತಕ್ಕಡಿ ತಂದು ಲೆಕ್ಕ ಹಾಕಿದೆ. ಬೆಲ್ಲ 60 ಗ್ರಾಂ ಹಾಕಿದ್ದೆ, ಎಂಟು ಪ್ಯಾನ್‌ಕೇಕ್ ಆಗಿದ್ದವು. ಮೂರಕ್ಕೆ ಸುಮಾರು 22 ಗ್ರಾಂ ಬೆಲ್ಲ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ, ಅಂದರೆ ಹತ್ತಿರ ಹತ್ತಿರ 18 ಗ್ರಾಂ. ಜೇನುತುಪ್ಪದಲ್ಲಿ ಸುಮಾರು ಶೇ. 80 ಭಾಗ ಸಕ್ಕರೆ; ಒಂದು ದೊಡ್ಡ ಚಮಚ ಎಂದರೆ 17 ಗ್ರಾಂ. ಮೂರು ಖರ್ಜೂರದಿಂದ ಇನ್ನೊಂದು 15 ಗ್ರಾಂ. ಒಟ್ಟು 50 ಗ್ರಾಂ, ಟೀ ಚಮಚದಲ್ಲಿ ಹೇಳುವುದಾದರೆ ಹತ್ತು ಚಮಚ! ಆರೋಗ್ಯವಂತರೂ ಹೊರಗಿನಿಂದ ಸೇರಿಸುವ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗೆ ಇಟ್ಟುಕೊಂಡರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಅದು ಸಕ್ಕರೆ ಎಂದೇ ಸೇರಿಸಿದೆ. ಅಕೌಂಟೆನ್ಸಿ ಓದುವವರಿಗೆ ಅರ್ಥವಾಗುವ ಹಾಗೆ ಹೇಳಿದರೆ, ನಾನು ಖಾತೆಯ ಹೆಸರು ಬದಲಾಯಿಸಿದ್ದೆ, ಬ್ಯಾಲೆನ್ಸ್ ಹಾಗೇ ಇತ್ತು.

ಹಾಗಾದರೆ ರಾಗಿಯಿಂದ ಏನೂ ಲಾಭ ಇಲ್ಲವೇ? ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ನಾವು ತಿನ್ನುವ ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ. ನಾರಿನ ಅಂಶ ಸುಮಾರು 11 ಗ್ರಾಂ. ಮೈದಾದಲ್ಲಿ 3 ಗ್ರಾಂ ಕೂಡ ಬರುವುದಿಲ್ಲ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವುದು ನಮ್ಮ ಕರ್ನಾಟಕ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಆಚರಿಸಿದ ಮೇಲೆ ಪೇಟೆಯವರಿಗೂ ಅದರ ಮೇಲೆ ಪ್ರೀತಿ ಬಂದಿದೆ. ಆದರೆ ರಾಗಿಯಲ್ಲೂ ಪಿಷ್ಟ ಬೇಕಾದಷ್ಟಿದೆ, ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿ ಸಕ್ಕರೆಯಾಗುತ್ತದೆ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎನ್ನುವುದು ಸುಳ್ಳು. ಎಷ್ಟು ತಿಂದಿರಿ, ಜೊತೆಗೆ ಏನು ತಿಂದಿರಿ ಎಂಬುದರ ಮೇಲೆ ಹೋಗುತ್ತದೆ. ಮೊಟ್ಟೆ, ಮೊಸರು, ಕಡಲೆಕಾಯಿ ಜೊತೆಗಿದ್ದರೆ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ.

ಇನ್ನು ಅಡುಗೆಯ ಕಷ್ಟ. ಬರೀ ರಾಗಿಯಲ್ಲಿ ಮಾಡಿದರೆ ಪ್ಯಾನ್‌ಕೇಕ್ ಮಗುಚುವಾಗ ಒಡೆದು ಚೂರಾಗುತ್ತದೆ. ಮೊದಲ ಸಲ ನನಗೆ ಸಿಕ್ಕಿದ್ದು ಉಪ್ಪಿಟ್ಟು. ಕಾರಣ ಇಷ್ಟೇ: ಗೋಧಿ ಮತ್ತು ಮೈದಾದಲ್ಲಿ ಗ್ಲುಟೆನ್ ಇದೆ, ನೀರು ತಾಗಿದಾಗ ಅದು ಅಂಟಂಟಾದ ಬಲೆಯಂತೆ ಆಗಿ ಗಾಳಿಗುಳ್ಳೆಗಳನ್ನು ಹಿಡಿದುಕೊಳ್ಳುತ್ತದೆ. ರಾಗಿಯಲ್ಲಿ ಆ ಬಲೆ ಇಲ್ಲ. ಆ ಕೆಲಸವನ್ನು ಮೊಟ್ಟೆಯಿಂದಲೂ ಸ್ವಲ್ಪ ಗೋಧಿ ಹಿಟ್ಟಿನಿಂದಲೂ ಮಾಡಿಸಬೇಕು.

ನಾಲ್ಕನೇ ಸಲಕ್ಕೆ ಕೈಗೆ ಬಂದ ಅಳತೆ ಇದು. ರಾಗಿ ಹಿಟ್ಟು ಮುಕ್ಕಾಲು ಬಟ್ಟಲು, ಗೋಧಿ ಹಿಟ್ಟು ಕಾಲು ಬಟ್ಟಲು, ಮೊಟ್ಟೆ ಎರಡು, ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ಎರಡು, ಹುಳಿ ಮೊಸರು ಅರ್ಧ ಬಟ್ಟಲು, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಹಣ್ಣನ್ನು ಕಿವುಚಿ ಎಲ್ಲ ಸೇರಿಸಿ, ಬೇಕಾದಷ್ಟು ಹಾಲು ಹಾಕಿ ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ ಇಪ್ಪತ್ತು ನಿಮಿಷ ಬಿಡಿ. ರಾಗಿ ನಿಧಾನವಾಗಿ ನೀರು ಕುಡಿಯುತ್ತದೆ, ಬಿಡದಿದ್ದರೆ ನಾಲಿಗೆಗೆ ಮರಳು ಮರಳು. ಕಾಲು ಟೀ ಚಮಚ ಅಡುಗೆ ಸೋಡಾವನ್ನು ಕೊನೆಗೆ, ಹೆಂಚು ಕಾದ ಮೇಲೆಯೇ ಹಾಕಿ. ಮೊಸರಿನ ಹುಳಿ ತಾಗಿದ ತಕ್ಷಣ ಸೋಡಾ ಗ್ಯಾಸ್ ಬಿಡುತ್ತದೆ. ಮೊದಲೇ ಹಾಕಿಟ್ಟರೆ ಆ ಗ್ಯಾಸ್ ಎಲ್ಲ ಹೋಗಿಬಿಡುತ್ತದೆ. ಹೆಚ್ಚಾದರೆ ಸಾಬೂನಿನ ರುಚಿ. ಸಣ್ಣ ಉರಿಯಲ್ಲಿ ಅಂಗೈ ಅಗಲ ಹೊಯ್ಯಿರಿ, ಮೇಲೆ ಗುಳ್ಳೆ ಬಂದು ಒಡೆದು ತೂತು ಹಾಗೇ ನಿಂತಾಗ ಮಗುಚಿರಿ. ರಾಗಿ ಮೊದಲೇ ಕಂದು ಬಣ್ಣ, ಬೆಂದಿತೋ ಸೀದಿತೋ ಬಣ್ಣದಿಂದ ಗೊತ್ತಾಗುವುದಿಲ್ಲ. ಗುಳ್ಳೆಯನ್ನೇ ನಂಬಿ.

ಮೇಲೆ ಹಾಕಲು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು, ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ, ಪರಂಗಿ ಅಥವಾ ಸೀಬೆ ಹಣ್ಣಿನ ನಾಲ್ಕು ಹೋಳು. ಖರ್ಜೂರ ಬೇಕೇ ಬೇಕು ಎನ್ನುವವರು ಒಂದನ್ನು ಸಣ್ಣಗೆ ಹೆಚ್ಚಿ ಎರಡು ಪ್ಯಾನ್‌ಕೇಕಿಗೆ ಉದುರಿಸಿ. ಸಿಹಿಯೇ ಬೇಡ ಎನ್ನುವವರು ಬಾಳೆಹಣ್ಣು ಬಿಟ್ಟು ಗೋಧಿಯ ಜಾಗಕ್ಕೆ ಕಡಲೆ ಹಿಟ್ಟು, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೇರಿಸಿ. ಕಡಲೆ ಹಿಟ್ಟಿನ ಚೀಲಾ ನಮ್ಮ ಮನೆಗಳಿಗೆ ಹೊಸದಲ್ಲ, ಅದಕ್ಕೆ ರಾಗಿ ಬೆರೆಸಿದ್ದಷ್ಟೇ ಹೊಸತು. 100 ಗ್ರಾಂ ಕಡಲೆ ಹಿಟ್ಟಿನಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನ್ ಇರುವುದರಿಂದ ಹೊಟ್ಟೆ ಮಧ್ಯಾಹ್ನದವರೆಗೂ ತುಂಬಿದಂತಿರುತ್ತದೆ.

ಸ್ಟಾಲಿನ ವಿಷಯಕ್ಕೆ ಬರುತ್ತೇನೆ. ಎಂಟು ಪ್ಯಾನ್‌ಕೇಕಿಗೆ ನಮಗೆ ಬಿದ್ದ ಖರ್ಚು: ರಾಗಿ 6 ರೂಪಾಯಿ, ಗೋಧಿ 2, ಮೊಟ್ಟೆ 14, ಬಾಳೆಹಣ್ಣು 8, ಹಾಲು ಮೊಸರು 8, ಎಣ್ಣೆ, ಏಲಕ್ಕಿ ಇತ್ಯಾದಿ 7, ಒಟ್ಟು 45. ಎರಡರ ಒಂದು ಪ್ಲೇಟಿಗೆ 11.25, ಮೇಲಿನ ಅಲಂಕಾರ ಮತ್ತು ಕಾಗದದ ತಟ್ಟೆ ಸೇರಿ 20.50. ಮಾರಿದ ಬೆಲೆ 30. ಪ್ಲೇಟಿಗೆ ಉಳಿಯುವುದು 9.50. ಸ್ಟಾಲ್ ಶುಲ್ಕ ಮತ್ತು ಒಲೆಯ ಬಾಡಿಗೆ 380. ಅಂದರೆ 40 ಪ್ಲೇಟ್ ಹೋದ ಮೇಲೆಯೇ ಲಾಭ. ಮಧ್ಯಾಹ್ನ ಹನ್ನೆರಡಾದರೂ 22 ಮಾತ್ರ ಹೋಗಿದ್ದವು. ಪಕ್ಕದ ಸ್ಟಾಲಿನಲ್ಲಿ ಮೈದಾ ಪ್ಯಾನ್‌ಕೇಕಿಗೆ ಚಾಕಲೇಟ್ ಸಿರಪ್ ಸುರಿಯುತ್ತಿದ್ದರು, ಅಲ್ಲಿ ಸಾಲು ನಿಂತಿತ್ತು.

ಆಗ ನಮ್ಮವರೇ ಒಬ್ಬರು ‘ಶುಗರ್ ಫ್ರೀ’ ಎಂದು ಬೋರ್ಡ್ ಬರೆಯೋಣ ಎಂದರು. ಎಲ್ಲರೂ ಒಪ್ಪಿದರು, ಮಾರ್ಕರ್ ನನ್ನ ಕೈಯಲ್ಲಿತ್ತು. ಬೆಲ್ಲ, ಜೇನು ಹಾಕಿರಲಿಲ್ಲ ನಿಜ. ಆದರೆ ಬಾಳೆಹಣ್ಣಿನಲ್ಲಿ ಸಕ್ಕರೆ ಇದೆ, ಹಾಲು ಮೊಸರಿನಲ್ಲೂ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇದ್ದರೆ ಶುಗರ್ ಫ್ರೀ ಎನ್ನುವಂತಿಲ್ಲ. ನನ್ನ ತಲೆಯಲ್ಲಿದ್ದದ್ದು ನಿಯಮವಲ್ಲ, 271. ಆ ಬೋರ್ಡ್ ನಂಬಿ ಯಾರದೋ ದಾದಿ ನಾಲ್ಕು ತಿಂದರೆ? ಅದೇ ವಾರ ಬ್ಯುಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕರ ಮಾಹಿತಿ ಹಕ್ಕಿನ ಪಾಠ ಮುಗಿದಿತ್ತು ಎಂದು ನೆನಪಿಸಿದೆ. “ಮಾರ್ಕ್ಸಿಗೆ ಓದೋದು ಬೇರೆ, ವ್ಯಾಪಾರ ಬೇರೆ” ಎಂದು ಸ್ವಲ್ಪ ಜಗಳವೇ ಆಯಿತು. ಕೊನೆಗೆ ನಾನು ಬರೆದದ್ದು: “ಸಕ್ಕರೆ, ಬೆಲ್ಲ, ಜೇನು ಸೇರಿಸಿಲ್ಲ. ಬಾಳೆಹಣ್ಣು ಇದೆ. ಶುಗರ್ ಇರುವವರು ಖಾರದ ಪ್ಯಾನ್‌ಕೇಕ್ ಕೇಳಿ.”

ಖಾರದ್ದನ್ನು ಕೇಳಿಕೊಂಡು ಬಂದವರಲ್ಲಿ ನಮ್ಮ ಸಿಬ್ಬಂದಿಯವರೇ ಹೆಚ್ಚು. ಮೂವರು ಸರ್‌ಗಳು ಎರಡೆರಡು ಸಲ ಬಂದರು. ಸಂಜೆಗೆ 58 ಪ್ಲೇಟ್ ಆಯಿತು, ಲಾಭ 171 ರೂಪಾಯಿ. ಚಾಕಲೇಟ್ ಸಿರಪ್‌ನವರು ನಮಗಿಂತ ಬಹಳ ಮುಂದೆ ಇದ್ದರು, ಅದನ್ನೂ ಹೇಳಬೇಕು.

ದಾದಿ ಈಗ ಭಾನುವಾರ ನಮ್ಮ ಜೊತೆ ದಸ್ತರ್‌ಖಾನಿನ ಮೇಲೆ ಕೂರುತ್ತಾರೆ. ಖಾರದ್ದು ಎರಡು, ಸಿಹಿಯದು ಅರ್ಧ. ಅಮ್ಮಿ ಅವರ ಡಾಕ್ಟರನ್ನು ಕೇಳಿಯೇ ಈ ಲೆಕ್ಕ ಇಟ್ಟಿದ್ದಾರೆ, ನಿಮ್ಮ ಮನೆಯಲ್ಲೂ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಕೇಳಿಯೇ ಕೊಡಿ. ಹೋದ ವಾರ ಎರಡು ಗಂಟೆ ಬಿಟ್ಟು ನೋಡಿದಾಗ 168 ಇತ್ತು. ದಾದಿಗೆ ಮಾತ್ರ ಇನ್ನೂ ಒಂದು ತಕರಾರಿದೆ: ಇದಕ್ಕೆ ಪ್ಯಾನ್‌ಕೇಕ್ ಎಂದು ಯಾಕೆ ಹೆಸರಿಟ್ಟಿರಿ, ಚೀಲಾ ಅಂದರೆ ಏನು ಕಡಿಮೆಯಾಗುತ್ತಿತ್ತು ಎಂದು.