ಉಪಗ್ರಹದ ಮೂಲಕ ನೆಲಮಟ್ಟದ ಗಾಳಿಯ ಮಾಲಿನ್ಯವನ್ನು ಅಂದಾಜುಮಾಡುವ ಕ್ರಮ

ವಿಜಯಪುರ ನಗರದ ಇಬ್ರಾಹಿಂಪುರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿರುತ್ತದೆ. ಅದು ತಾನಿರುವ ಸ್ಥಳದ ಗಾಳಿಯನ್ನು ಮಾತ್ರ ಅಳೆಯುವುದು. ಯಂತ್ರವಿಲ್ಲದ ಹಳ್ಳಿಗಳ ಗಾಳಿಯನ್ನು ಅಂದಾಜುಮಾಡಲು ಉಪಗ್ರಹಗಳು ಸಹಾಯಕವಾಗುವುವು.

ಟೆರಾ (೧೯೯೯), ಆಕ್ವಾ (೨೦೦೨) ಮೊದಲಾದ ಉಪಗ್ರಹಗಳ ಮೂಲಕ, ಧೂಳು ಹೊಗೆಗಳ ಕಣಗಳು ಸೂರ್ಯಪ್ರಕಾಶವನ್ನು ಎಷ್ಟು ಚದರಿಸಿ ಹೀರುವುವೆಂಬುದನ್ನು ಲೆಕ್ಕಹಾಕುವರು. ಆದರೆ ಇದು ನೆಲದಿಂದ ಮೇಲಿನವರೆಗಿನ ಗಾಳಿಯ ಒಟ್ಟು ಲೆಕ್ಕ. ಜನರು ಉಸಿರಾಡುವುದು ನೆಲಮಟ್ಟದ ಗಾಳಿಯನ್ನು. ಆದುದರಿಂದ ಗಾಳಿಯ ತೇವವನ್ನೂ ಕಣಗಳು ಬೆರೆತಿರುವ ಪದರದ ಎತ್ತರವನ್ನೂ ಗಣಿಸಿ, ನೆಲದ ಯಂತ್ರದ ಅಂಕಿಯೊಡನೆ ಹೋಲಿಸತಕ್ಕದ್ದು. ೨೦೦೯ರ ರಾಷ್ಟ್ರೀಯ ಮಾನದಂಡದಂತೆ, ೨.೫ ಮೈಕ್ರಾನು ಅಥವಾ ಅದಕ್ಕಿಂತ ಸಣ್ಣ ಕಣಗಳು ಒಂದು ಘನಮೀಟರು ಗಾಳಿಯಲ್ಲಿ ದಿನದ ಸರಾಸರಿ ೬೦ ಮೈಕ್ರೋಗ್ರಾಮು ಮೀರಬಾರದು.

ಈ ಕ್ರಮಕ್ಕೆ ಮಿತಿಗಳುಂಟು. ಮೋಡ ಕವಿದಾಗ ಕೆಳಗಿನ ಕಣಗಳು ಕಾಣಿಸವು. ಉಪಗ್ರಹವು ಹಾದುಹೋದ ಬಳಿಕ ಎದ್ದ ಹೊಗೆಯು ಆ ದಿನದ ಲೆಕ್ಕಕ್ಕೆ ಸೇರದು. ಚಳಿಗಾಲದ ಬೆಳಗಿನಲ್ಲಿ ಹೊಗೆಯು ನೆಲವನ್ನೇ ಹಿಡಿದು ನಿಲ್ಲುವುದರಿಂದ, ಒಟ್ಟು ಲೆಕ್ಕ ಕಡಮೆಯಾಗಿ ಕಂಡರೂ ಉಸಿರಿಗೆ ಸೇರುವ ಕಣಗಳು ಹೆಚ್ಚಿರಬಹುದು.

ತಿಕೋಟಾ, ಬಬಲೇಶ್ವರ ಭಾಗದ ಜಮೀನುದಾರರು ಇದನ್ನು ಮನಗಾಣಬೇಕು. ಕಬ್ಬಿನ ರವದಿಗೆ ಬೆಂಕಿಯಿಟ್ಟರೆ ಇಂತಹ ಸಣ್ಣ ಕಣಗಳೇ ಏಳುವುವು. ರವದಿಯನ್ನು ಕುಳೆ ಬೆಳೆಯ ಸಾಲುಗಳ ನಡುವೆ ಹರಡಿದರೆ ನೆಲದ ತೇವ ಉಳಿದು, ಮುಂದೆ ಅದೇ ಕೊಳೆತು ಗೊಬ್ಬರವಾಗುವುದು. ಎಲ್ಲಿಯಾದರೂ ಬೆಂಕಿ ಬಿದ್ದರೆ ದಿನ, ವೇಳೆ, ಹೊಗೆ ಸಾಗಿದ ದಿಕ್ಕು ಇವನ್ನು ಊರಿನ ಮುಖಂಡರು ಬರೆದಿಡುವುದು ಯುಕ್ತ. ಉಪಗ್ರಹಕ್ಕೆ ಕಾಣದುದನ್ನು ಆ ಬರಹವು ತಿಳಿಸುವುದು.