ಟಿವಿ ಬಿಚ್ಚಲೇ, ಬೇಡವೇ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಮದುವೆಯಾಗಿ ಸಕಲೇಶಪುರದ ಹತ್ತಿರದ ಊರಿಗೆ ಬಂದ ಮೇಲೆ ಸೋಲ್ಡರಿಂಗ್ ಐರನ್ ಮುಟ್ಟಿಲ್ಲ. ನಮ್ಮ ಮನೆಯ 32 ಇಂಚಿನ ಎಲ್‌ಇಡಿ ಟಿವಿಗೆ ಏಳು ವರ್ಷ. ಕಳೆದ ಚಳಿಗಾಲದಿಂದ ಬೆಳಗಿನ ಹೊತ್ತು ಅದು ಬೇಗ ಆನ್ ಆಗುತ್ತಿರಲಿಲ್ಲ. ಕೆಂಪು ದೀಪ ಮಿಣುಕುತ್ತಿತ್ತು, ಒಳಗೆ ಟಿಕ್ ಟಿಕ್ ಸದ್ದು ಬರುತ್ತಿತ್ತು. ನಾಲ್ಕಾರು ಸಲ ಸ್ವಿಚ್ ಹಾಕಿ ತೆಗೆದರೆ ಚಿತ್ರ ಬರುತ್ತಿತ್ತು. ಈಗ ಹದಿನೈದು ದಿನದಿಂದ ಅದೂ ಇಲ್ಲ. ಅಂಗಡಿಯವರು ನೋಡಿ "ಪವರ್ ಬೋರ್ಡ್ ಹೋಗಿದೆ, ನಾಲ್ಕೂವರೆ ಸಾವಿರ ಆಗುತ್ತೆ, ಅದರ ಬದಲು ಹೊಸದೇ ತಗೊಳ್ಳಿ" ಅಂದರು. ಕಪಾಸಿಟರ್ ಬದಲಿಸಿದರೆ ಸರಿಹೋಗಬಹುದು ಅಂತ ನನಗೆ ಅನ್ನಿಸುತ್ತಿದೆ. ಮಾವನವರು "ಟಿವಿ ಒಳಗೆ ಸಾವಿರಾರು ವೋಲ್ಟ್ ಇರುತ್ತೆ, ಮುಟ್ಟಬೇಡಮ್ಮ" ಅನ್ನುತ್ತಾರೆ. ಯಜಮಾನರು "ಇಷ್ಟು ವರ್ಷ ಆದ್ಮೇಲೆ ನಿನಗೇನು ನೆನಪಿರುತ್ತೆ" ಎಂದು ನಗುತ್ತಾರೆ. ಯಾರೂ ಇಲ್ಲದ ಹೊತ್ತಿನಲ್ಲಿ ಬಿಚ್ಚಿ ನೋಡಿಬಿಡಲೇ ಅನ್ನಿಸುತ್ತದೆ. ಏನು ಮಾಡಲಿ?

— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಯಾರೂ ಇಲ್ಲದ ಹೊತ್ತಿನಲ್ಲಿ ದಯವಿಟ್ಟು ಬಿಚ್ಚಬೇಡಿ. ಮನೆಯವರಿಗೆ ಗೊತ್ತಿರುವಂತೆ, ಒಬ್ಬರು ಪಕ್ಕದಲ್ಲಿರುವಾಗ, ಹಗಲು ಬೆಳಕಿನಲ್ಲಿ ಬಿಚ್ಚಿ. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಊಹೆ ಸರಿಯಿರುವ ಸಾಧ್ಯತೆಯೇ ಹೆಚ್ಚು. ಈ ಕೆಲಸದಲ್ಲಿ ನಿಮ್ಮ ಕೈಲಾಗುವ ಪಾಲು ಒಂದಿದೆ, ನೀವು ಮುಟ್ಟಬಾರದ ಪಾಲು ಒಂದಿದೆ. ಎರಡರ ನಡುವಿನ ಗಡಿ ಬೋರ್ಡಿನ ಮೇಲೆಯೇ ಕಾಣುತ್ತದೆ. ಅದನ್ನು ಗುರುತಿಸಿ, ದಾಟದೆ ಕೆಲಸ ಮಾಡಿದರೆ ಹೆದರಬೇಕಾಗಿಲ್ಲ.

ಮಾವನವರ ಭಯವನ್ನು ಮಾತ್ರ ತಳ್ಳಿಹಾಕಬೇಡಿ. ಅವರ ಕಾಲದ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲೆ ಇರುತ್ತಿತ್ತು. ನಿಮ್ಮ ಎಲ್‌ಇಡಿ ಟಿವಿಯಲ್ಲಿ ಅಷ್ಟಿಲ್ಲ. ಆದರೆ ಗೋಡೆಯಿಂದ ಬರುವ 230 ವೋಲ್ಟ್ ಎಸಿ, ಬ್ರಿಜ್ ರೆಕ್ಟಿಫೈಯರ್ ದಾಟಿದ ಕೂಡಲೇ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ದೊಡ್ಡ ಸೆಟ್ಟುಗಳಲ್ಲಿ ಇದು 380ರಿಂದ 400 ವೋಲ್ಟಿನವರೆಗೂ ಹೋಗುತ್ತದೆ. ಅದು ಶೇಖರವಾಗುವುದು 400 ಅಥವಾ 450 ವೋಲ್ಟ್ ಎಂದು ಬರೆದಿರುವ ದಪ್ಪನೆಯ ಕಪಾಸಿಟರಿನಲ್ಲಿ. ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ ಹಾದರೆ ಜೀವಕ್ಕೇ ಅಪಾಯ. ಇನ್ನೊಂದು ವಿಷಯವನ್ನು ಕೆಲಸ ಬಲ್ಲವರೂ ಮರೆಯುತ್ತಾರೆ. ಚೆನ್ನಾಗಿರುವ ಟಿವಿಯ ಪ್ಲಗ್ ಕಿತ್ತರೆ ಸರ್ಕ್ಯೂಟೇ ಆ ಚಾರ್ಜನ್ನು ಬೇಗ ಬಳಸಿ ಮುಗಿಸುತ್ತದೆ. ಕೆಟ್ಟು ನಿಂತ ಟಿವಿಯಲ್ಲಿ ಬಳಸುವವರೇ ಇಲ್ಲದೆ ಚಾರ್ಜ್ ಬಹಳ ಹೊತ್ತು ಹಾಗೇ ಉಳಿಯಬಹುದು. ಹಾಗಾಗಿ ಡೆಡ್ ಆದ ಸೆಟ್ಟೇ ಹೆಚ್ಚು ಅಪಾಯದ್ದು.

ಇನ್ನು ರೋಗದ ವಿಚಾರ. ಪವರ್ ಸಪ್ಲೈ ಮೊದಲು 5 ವೋಲ್ಟಿನ ಸ್ಟ್ಯಾಂಡ್‌ಬೈ ಕೊಡುತ್ತದೆ. ಕೆಂಪು ದೀಪ ಉರಿಯುವುದು ಅದರಿಂದಲೇ. ನೀವು ರಿಮೋಟ್ ಒತ್ತಿದಾಗ ಮೇನ್ ಬೋರ್ಡ್ 'ಆನ್ ಆಗು' ಎಂಬ ಸಿಗ್ನಲ್ ಕಳಿಸುತ್ತದೆ. ಆಗ 12 ವೋಲ್ಟ್ ಲೈನೂ ಬ್ಯಾಕ್‌ಲೈಟಿನ ಸಪ್ಲೈಯೂ ಏಳಬೇಕು. ಈ ಲೈನುಗಳನ್ನು ಸಮ ಮಾಡುವ ಸಣ್ಣ ಎಲೆಕ್ಟ್ರೊಲಿಟಿಕ್ ಕಪಾಸಿಟರುಗಳು ಒಣಗಿದ್ದರೆ ಲೋಡ್ ಬಿದ್ದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸಪ್ಲೈ ಆಫ್ ಆಗುತ್ತದೆ, ಮತ್ತೆ ಏಳಲು ನೋಡುತ್ತದೆ. ನೀವು ಕೇಳಿದ ಟಿಕ್ ಟಿಕ್ ಸದ್ದು ಇದೇ ಇರಬಹುದು. ಒಣಗಿದ ಕಪಾಸಿಟರ್ ಚಳಿಯಲ್ಲಿ ಇನ್ನೂ ಸೋಲುತ್ತದೆ, ಸ್ವಲ್ಪ ಬಿಸಿಯಾದರೆ ಚೇತರಿಸಿಕೊಳ್ಳುತ್ತದೆ. ನಿಮ್ಮ ಮಲೆನಾಡಿನ ಬೆಳಗಿನ ಚಳಿಗೆ ತೊಂದರೆ ಶುರುವಾದದ್ದು, ನಾಲ್ಕಾರು ಸಲ ಸ್ವಿಚ್ ಹಾಕಿದ ಮೇಲೆ ಟಿವಿ ಎದ್ದದ್ದು, ಎರಡೂ ಇದಕ್ಕೆ ಹೊಂದುತ್ತವೆ. ಬ್ಯಾಕ್‌ಲೈಟ್ ಕೆಟ್ಟರೂ ಕೆಲವು ಸೆಟ್ ಹೀಗೇ ಮಾಡುತ್ತವೆ, ಆದರೆ ಅಲ್ಲಿ ಸಾಮಾನ್ಯವಾಗಿ ಮಾತು ಕೇಳುತ್ತದೆ, ಚಿತ್ರ ಕಾಣುವುದಿಲ್ಲ. ಕತ್ತಲೆಯಲ್ಲಿ ಪರದೆಗೆ ಟಾರ್ಚ್ ಬಿಟ್ಟರೆ ಮಸುಕಾಗಿ ಚಿತ್ರ ತೋರುತ್ತದೆ. ಹಾಗಿದ್ದರೆ ಪ್ಯಾನೆಲ್ ಬಿಚ್ಚಬೇಕಾಗುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಬಿಚ್ಚುವ ಮೊದಲು ಇನ್ನೊಂದು ಸಾಕೆಟ್‌ನಲ್ಲಿ ಹಾಕಿ ನೋಡಿ. ಸೆಟ್‌ಟಾಪ್ ಬಾಕ್ಸ್, ಪೆನ್‌ಡ್ರೈವ್ ಎಲ್ಲ ತೆಗೆದು ನೋಡಿ. ಆಗಲೂ ಬರದಿದ್ದರೆ ರಾತ್ರಿಯೇ ಪ್ಲಗ್ ಕಿತ್ತಿಡಿ, ಬೆಳಿಗ್ಗೆ ಕೆಲಸಕ್ಕೆ ಕೂರಿ. ಪರದೆಗಿಂತ ದೊಡ್ಡದಾದ ಮೇಜಿನ ಮೇಲೆ ಮಂದನೆಯ ಕಂಬಳಿ ಹಾಸಿ, ಇಬ್ಬರು ಹಿಡಿದು ಟಿವಿಯನ್ನು ಬೋರಲು ಮಲಗಿಸಿ. ಪರದೆಯ ಮಧ್ಯಕ್ಕೆ ಬೆರಳಿನ ಒತ್ತಡವೂ ಬೀಳಬಾರದು. ಹಿಂಬದಿಯ ಸ್ಕ್ರೂಗಳಲ್ಲಿ ಉದ್ದ ಗಿಡ್ಡ ಬೇರೆ ಬೇರೆ ಇರುತ್ತವೆ. ಯಾವುದು ಎಲ್ಲಿಯದೆಂದು ಬರೆದಿಡಿ, ಹೆಜ್ಜೆ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಕರೆಂಟಿನ ವಯರ್ ಬಂದು ಸೇರುವುದೇ ಪವರ್ ಸಪ್ಲೈ. ಅನೇಕ 32 ಇಂಚಿನ ಸೆಟ್ಟುಗಳಲ್ಲಿ ಪವರ್, ಮೇನ್, ಬ್ಯಾಕ್‌ಲೈಟ್ ಮೂರೂ ಒಂದೇ ಕಾಂಬೊ ಬೋರ್ಡಿನಲ್ಲಿರುತ್ತವೆ. ನಿಮಗೆ ಹೇಳಿದ ದರ ಅಷ್ಟಾಗಿರುವುದು ಅದಕ್ಕೂ ಇರಬಹುದು. ಬೋರ್ಡನ್ನು ಮೇಲಿನಿಂದ ನೋಡಿ. ಫ್ಯೂಸ್, ಬ್ರಿಜ್, ದಪ್ಪನೆಯ ಕಪಾಸಿಟರ್ ಒಂದು ಕಡೆ ಇರುತ್ತವೆ. ನಡುವೆ ಹಳದಿ ಟೇಪ್ ಸುತ್ತಿದ ಟ್ರಾನ್ಸ್‌ಫಾರ್ಮರ್. ಅದರ ಅಡಿಯಲ್ಲಿ ತಾಮ್ರದ ಗೆರೆಯೇ ಇಲ್ಲದ ಒಂದು ಖಾಲಿ ದಾರಿ ಬೋರ್ಡನ್ನು ಎರಡು ಭಾಗ ಮಾಡುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಅದರ ಗುಂಟ ಗೆರೆ ಎಳೆದು 'ಹಾಟ್', 'ಕೋಲ್ಡ್' ಎಂದು ಅಚ್ಚು ಹಾಕಿರುತ್ತಾರೆ. ಹಾಟ್ ಸೈಡ್ ನೇರವಾಗಿ ಕರೆಂಟಿಗೆ ಸೇರಿದ್ದು. ಕೋಲ್ಡ್ ಸೈಡಿನಲ್ಲಿರುವುದು 5, 12 ವೋಲ್ಟಿನಂಥ ಲೈನುಗಳು. ಬ್ಯಾಕ್‌ಲೈಟ್ ಲೈನ್ ಮಾತ್ರ ಇದಕ್ಕಿಂತ ಹೆಚ್ಚಿನದು. ನಿಮ್ಮ ಕೆಲಸ ಏನಿದ್ದರೂ ಕೋಲ್ಡ್ ಸೈಡಿನ ಕಪಾಸಿಟರುಗಳಲ್ಲಿ. ಹಾಟ್ ಸೈಡಿನಲ್ಲಿ ನಿಮಗಿರುವುದು ಒಂದೇ ಕೆಲಸ, ಚಾರ್ಜ್ ಇಳಿದಿದೆಯೇ ಎಂದು ನೋಡುವುದು.

ಬೋರ್ಡಿನ ಅಂಚನ್ನು ಮಾತ್ರ ಹಿಡಿದು ಎತ್ತಿ, ತಳವನ್ನು ಮುಟ್ಟದೆ, ಒಣ ಮರದ ಹಲಗೆಯ ಮೇಲಿಡಿ. ಬಳೆ, ಉಂಗುರ, ಸರ ತೆಗೆದಿಟ್ಟಿರಿ. ಮಲ್ಟಿಮೀಟರನ್ನು 600 ಅಥವಾ 1000 ವೋಲ್ಟ್ ಡಿಸಿಗೆ ಇಟ್ಟು, ದಪ್ಪ ಕಪಾಸಿಟರಿನ ಎರಡು ಕಾಲಿಗೆ ಪ್ರೋಬ್ ತಾಗಿಸಿ. ಹತ್ತು ವೋಲ್ಟಿಗಿಂತ ಕಡಿಮೆ ತೋರಿಸಿದರೆ ಮುಂದುವರಿಯಿರಿ. ಹೆಚ್ಚಿದ್ದರೆ ಹೋಲ್ಡರಿಗೆ ಹಾಕಿದ 40 ಅಥವಾ 60 ವಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಎರಡು ವಯರನ್ನು ಆ ಕಾಲುಗಳಿಗೆ ಕೆಲವು ಸೆಕೆಂಡ್ ಹಿಡಿಯಿರಿ. ವಯರಿನ ತುದಿ ಮಾತ್ರ ಬರಿದಾಗಿರಲಿ, ಉಳಿದದ್ದಕ್ಕೆ ಇನ್ಸುಲೇಶನ್ ಇರಲಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಸ್ಕ್ರೂಡ್ರೈವರ್ ತಾಗಿಸಿ ಶಾರ್ಟ್ ಮಾಡುವ ಅಭ್ಯಾಸ ಹಲವರಿಗಿದೆ, ನೀವು ಮಾಡಬೇಡಿ. ಕಿಡಿ ಸಿಡಿದು ಕಣ್ಣಿಗೆ ಬೀಳುತ್ತದೆ, ಬೋರ್ಡೂ ಕೆಡುತ್ತದೆ. ಬಲ್ಬ್ ಹಿಡಿದ ಮೇಲೂ ಮತ್ತೊಮ್ಮೆ ಮೀಟರಿನಲ್ಲಿ ನೋಡಿ. ನಂಬಬೇಕಾದದ್ದು ಮೀಟರನ್ನು ಮಾತ್ರ.

ಈಗ ಕೋಲ್ಡ್ ಸೈಡಿನ ಕಪಾಸಿಟರುಗಳ ನೆತ್ತಿ ನೋಡಿ. ಅಲ್ಲಿ ಕತ್ತರಿ ಗುರುತಿನ ಸೀಳು ಇರುತ್ತದೆ. ಚೆನ್ನಾಗಿರುವುದರ ನೆತ್ತಿ ಸಪಾಟು, ಕೆಟ್ಟದ್ದರ ನೆತ್ತಿ ಉಬ್ಬಿರುತ್ತದೆ. ಕೆಲವೊಮ್ಮೆ ಸೀಳಿನ ಬಾಯಲ್ಲಿ ಕಂದು ಅಂಟು ಒಣಗಿರುತ್ತದೆ. ಕೆಲವು ಮೇಲೆ ಉಬ್ಬದೆ ಕೆಳಗಿನ ರಬ್ಬರನ್ನು ತಳ್ಳಿ ಓರೆಯಾಗಿ ನಿಂತಿರುತ್ತವೆ. ಒಂದು ಉಬ್ಬಿದ್ದರೂ ಅದೇ ಲೈನಿನಲ್ಲಿರುವ ಅದರ ಜೊತೆಯವನ್ನೂ ಬದಲಿಸಿ, ಅವೂ ಅಷ್ಟೇ ಬಿಸಿ ಉಂಡಿವೆ.

ಹೊಸದನ್ನು ಕೊಳ್ಳುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು ಇರಲಿ. 1000 ಮೈಕ್ರೊಫ್ಯಾರಡ್, 16 ವೋಲ್ಟಿನದ್ದಕ್ಕೆ 25 ವೋಲ್ಟಿನದು ಹಾಕಬಹುದು, 10 ವೋಲ್ಟಿನದು ಹಾಕಬಾರದು. ಮೈ ಮೇಲೆ 105 ಡಿಗ್ರಿ ಎಂದು ಬರೆದಿರಬೇಕು, 85 ಡಿಗ್ರಿಯದು ಬೇಡ. 'ಎಸ್‌ಎಂಪಿಎಸ್‌ಗೆ ಹಾಕುವ ಲೋ ಇಎಸ್‌ಆರ್ ಕೊಡಿ' ಎಂದೇ ಕೇಳಿ. ಎತ್ತರ ದಪ್ಪವನ್ನೂ ಅಳೆದುಕೊಂಡು ಹೋಗಿ, ಇಲ್ಲದಿದ್ದರೆ ಹಿಂಬದಿಯ ಕವರ್ ಕೂರುವುದಿಲ್ಲ. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋಗುವವರ ಕೈಲಿ ಎಸ್.ಪಿ. ರಸ್ತೆಯಿಂದ ತರಿಸಿ. ಒಂದೊಂದಕ್ಕೆ ಹತ್ತಿಪ್ಪತ್ತು ರೂಪಾಯಿ ಬೀಳುತ್ತದೆ.

ಇಷ್ಟು ವರ್ಷ ಬಿಟ್ಟ ಕೈ ಎಂಬ ಅಳುಕಿಗೆ ಮದ್ದು ಅಭ್ಯಾಸವೇ. ಟಿವಿಯ ಬೋರ್ಡಿಗೆ ಕೈ ಹಾಕುವ ಮೊದಲು ಹಾಳಾದ ಸೆಟ್‌ಟಾಪ್ ಬಾಕ್ಸಿನ ಬೋರ್ಡೊಂದರಲ್ಲಿ ಕಪಾಸಿಟರ್ ಕಿತ್ತು ಮತ್ತೆ ಹಾಕಿ ನೋಡಿ. ತಾಮ್ರದ ಟ್ರ್ಯಾಕ್ ಎದ್ದು ಬರದೆ ಕಾಲು ಹೊರಬರಬೇಕು, ಸೋಲ್ಡರ್ ನುಣ್ಣಗೆ ಹರಿದು ಕಾಲನ್ನು ಸುತ್ತ ಹಿಡಿಯಬೇಕು. ಅದು ಸಲೀಸಾಗಿ ಬರುವ ತನಕ ಟಿವಿ ಕಾಯಲಿ. 25 ವಾಟಿನ ಐರನ್ ಗ್ರೌಂಡಿನ ಅಗಲ ಟ್ರ್ಯಾಕಿಗೆ ಸಾಲುವುದಿಲ್ಲ, 50-60 ವಾಟಿನದು ಇದ್ದರೆ ಕೆಲಸ ಬೇಗ ಮುಗಿದು ಟ್ರ್ಯಾಕ್ ಉಳಿಯುತ್ತದೆ. ಕಪಾಸಿಟರಿನ ಮೈ ಮೇಲಿನ ಪಟ್ಟೆ ಮೈನಸ್ ಕಡೆ. ಹಳೆಯದರ ಪಟ್ಟೆ ಯಾವ ದಿಕ್ಕಿಗಿತ್ತೆಂದು ಕೀಳುವ ಮೊದಲೇ ಫೋಟೊ ತೆಗೆದಿಡಿ. ತಿರುಗಾಮುರುಗಾ ಹಾಕಿದರೆ ಕಪಾಸಿಟರ್ ಸಿಡಿಯುತ್ತದೆ.

ಬೋರ್ಡನ್ನು ಮತ್ತೆ ಕೂರಿಸಿ, ಕವರ್ ಮುಚ್ಚಿ. ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬೋರ್ಡಿನ ಮೂಲಕವೇ ಕೊಡಿ. ಎಂದರೆ ಟಿವಿಗೆ ಹೋಗುವ ಕರೆಂಟ್ ಒಂದು ಬಲ್ಬಿನ ಮೂಲಕ ಹಾದುಹೋಗಲಿ, 100 ವಾಟಿನ ಫಿಲಮೆಂಟ್ ಬಲ್ಬ್ ಸಾಕು. ಬಲ್ಬ್ ಒಮ್ಮೆ ಮಿಂಚಿ ಮಂದವಾದರೆ ಒಳ್ಳೆಯ ಸೂಚನೆ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ, ಕೂಡಲೇ ಆಫ್ ಮಾಡಿ. ಸೀರೀಸಿನಲ್ಲಿ ಟಿವಿ ಪೂರ್ತಿ ಏಳದಿರಬಹುದು. ಕೆಂಪು ದೀಪ ನಿಶ್ಚಲವಾಗಿ ಉರಿದರೆ ಸೀರೀಸ್ ತೆಗೆದು ನೇರವಾಗಿ ಹಾಕಿ.

ಕೆಲವನ್ನು ಕಂಡರೆ ಅಲ್ಲಿಗೇ ಕೈ ಬಿಡಿ: ಫ್ಯೂಸ್ ಕಪ್ಪಾಗಿರುವುದು, ದಪ್ಪ ಕಪಾಸಿಟರೇ ಉಬ್ಬಿರುವುದು, ಹಾಟ್ ಸೈಡಿನಲ್ಲಿ ಏನಾದರೂ ಸುಟ್ಟಿರುವುದು, ಅಥವಾ ಎಲ್ಲೂ ಏನೂ ಉಬ್ಬದೆ ಎಲ್ಲ ಸರಿಯಾಗಿಯೇ ಕಾಣುವುದು. ಕಪ್ಪಾದ ಫ್ಯೂಸಿನ ಹಿಂದೆ ಸಾಮಾನ್ಯವಾಗಿ ಶಾರ್ಟ್ ಆದ ಬ್ರಿಜ್ಜೋ ಮಾಸ್‌ಫೆಟ್ಟೋ ಇರುತ್ತದೆ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದೆಂದರೆ ಮನೆಗೆ ಬೆಂಕಿ ಕರೆದಂತೆ. ಇಂಥ ಹೊತ್ತಿನಲ್ಲಿ ಟಿವಿಯನ್ನು ಹೊತ್ತೊಯ್ಯಬೇಕಿಲ್ಲ, ಬೋರ್ಡನ್ನಷ್ಟೇ ಒಯ್ಯಿರಿ. ಅಂಗಡಿಯಲ್ಲಿ 'ಬೋರ್ಡ್ ಬದಲಿಸಿ' ಎನ್ನದೆ 'ಇದೇ ಬೋರ್ಡ್ ರಿಪೇರಿ ಮಾಡಿಕೊಡುತ್ತೀರಾ' ಎಂದು ಕೇಳಿ. ಬೋರ್ಡ್ ಬದಲಿಸುವವರು ಬಹಳ ಜನ, ರಿಪೇರಿ ಮಾಡುವವರು ಕಡಿಮೆ, ಆದರೆ ಇದ್ದಾರೆ. ಖರ್ಚೂ ಅಲ್ಲಿ ಕಡಿಮೆ.

ಟಿವಿ ಸರಿಹೋದ ಮೇಲೆ ಅದು ನಿಂತ ಜಾಗವನ್ನೂ ನೋಡಿ. ಕಪಾಸಿಟರಿನ ಆಯಸ್ಸನ್ನು ತಿನ್ನುವುದು ಬಿಸಿ. ಹತ್ತು ಡಿಗ್ರಿ ಬಿಸಿ ಕಡಿಮೆಯಾದರೆ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ತಂತ್ರಜ್ಞರ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ಟಿವಿಯನ್ನು ಶೋಕೇಸಿನೊಳಗೆ ಇರುಕಿಸದೆ ಹಿಂದೆ ಗಾಳಿಯಾಡಲು ಬಿಡಿ. ರಾತ್ರಿ ರಿಮೋಟಿನಿಂದ ಮಾತ್ರ ಆಫ್ ಮಾಡದೆ ಗೋಡೆಯ ಸ್ವಿಚ್ಚನ್ನೂ ತೆಗೆಯಿರಿ. ಮಳೆಗಾಲಕ್ಕೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಕಿತ್ತಿಡಿ, ಸಿಡಿಲಿನ ಹೊಡೆತ ಎರಡು ದಾರಿಯಿಂದಲೂ ಬರುತ್ತದೆ.

ಮನೆಯವರ ಮಾತಿಗೆ ಬರುತ್ತೇನೆ. ಯಜಮಾನರ ನಗುವಿಗೆ ವಾದದಿಂದ ಉತ್ತರ ಕೊಡಲು ಹೋಗಬೇಡಿ. ಅವರಿಗೊಂದು ಕೆಲಸ ಒಪ್ಪಿಸಿ. ಮೇನ್ ಸ್ವಿಚ್ ಹತ್ತಿರ ನಿಲ್ಲಲಿ, ಟಾರ್ಚ್ ಹಿಡಿಯಲಿ, ಫೋಟೊ ತೆಗೆಯಲಿ. ಏನಾದರೂ ಹೆಚ್ಚುಕಡಿಮೆಯಾದರೆ ನಿಮ್ಮನ್ನು ಮುಟ್ಟದೆ ಮೊದಲು ಮೇನ್ ಆಫ್ ಮಾಡಬೇಕೆಂದು ಮುಂಚೆಯೇ ಹೇಳಿಡಿ. ಮಾವನವರನ್ನು ಎದುರಿಗೆ ಕೂರಿಸಿಕೊಂಡು, ಚಾರ್ಜ್ ಇಳಿದದ್ದನ್ನು ಮೀಟರಿನಲ್ಲಿ ತೋರಿಸಿ. "ಮುಟ್ಟಬೇಡಮ್ಮ" ಎಂದದ್ದು ನಿಮ್ಮ ಮೇಲಿನ ಕಾಳಜಿಯಿಂದ. ನೀವು ಅಳೆದು ನೋಡಿಯೇ ಮುಟ್ಟುವವರು ಎಂದು ಕಣ್ಣಾರೆ ಕಂಡರೆ ಆ ಕಾಳಜಿಗೂ ಸಮಾಧಾನವಾಗುತ್ತದೆ. ಕದ್ದು ಮಾಡಿದ ರಿಪೇರಿ ಗೆದ್ದರೂ ಅವರ ಭಯ ಹೋಗುವುದಿಲ್ಲ, ಸೋತರಂತೂ ನಿಮ್ಮ ಓದಿನ ಮೇಲೆಯೇ ಮಾತು ಬರುತ್ತದೆ.

ನಿಮ್ಮ ಡಿಪ್ಲೊಮಾ ಮದುವೆಯ ದಿನಕ್ಕೆ ಮುಗಿದುಹೋದದ್ದಲ್ಲ. ಲಕ್ಷಣ ನೋಡಿ ಕಪಾಸಿಟರ್ ಇರಬಹುದು ಎಂದು ಊಹಿಸಿದ್ದೇ ಅದಕ್ಕೆ ಸಾಕ್ಷಿ. ಕೋಲ್ಡ್ ಸೈಡಿನ ಕೆಲಸವನ್ನು ಧೈರ್ಯವಾಗಿ ಮಾಡಿ. ಹಾಟ್ ಸೈಡಿನ ದೋಷವಾದರೆ ಬೋರ್ಡನ್ನು ಬಲ್ಲವರ ಕೈಗೆ ಕೊಡಿ, ಅದರಲ್ಲಿ ಸೋಲೇನೂ ಇಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದು ಕೂಡ ನೀವು ಕಲಿತ ವಿದ್ಯೆಯ ಭಾಗವೇ.